ಒತ್ತು

ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು, ಜೆರಾಕ್ಸಿನವನ ಪಕ್ಕ,
ಆರಡಿಗೆ ನಾಲ್ಕಡಿ ನನ್ನ ಅಂಗಡಿ.
ಅಪ್ಪ ಬ್ಲೇಡಿನಲ್ಲಿ ರಬ್ಬರು ಕೊಯ್ಯುತ್ತಿದ್ದ,
ನಾನು ಮೆಷಿನ್ನಿಗೆ ಹಾಕುತ್ತೇನೆ, ಇಪ್ಪತ್ತು ನಿಮಿಷ ಸಾಕು.
ನಿಜ ಪ್ರತಿ. ಸ್ವೀಕರಿಸಲಾಗಿದೆ. ತಿರಸ್ಕರಿಸಲಾಗಿದೆ.
ಹಾಸನದ ಅರ್ಧ ಸಹಿಗಳ ಕೆಳಗೆ
ನಾನು ಕೂತಿದ್ದೇನೆ, ಯಾರಿಗೂ ಕಾಣದೆ.

ಕಿನುಯೊ ಬಂದದ್ದು ವಿಳಾಸದ ಸೀಲು ಮಾಡಿಸಲು.
ಹಳೇಬೀಡಿನ ಗೋಡೆಯ ಆನೆಸಾಲು ಅಳೆಯುವ ಕೆಲಸ,
ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಮಹಡಿಯ ರೂಮು,
ಗೊತ್ತಿದ್ದ ಕನ್ನಡ ನಲವತ್ತು ಮಾತು,
ಅದರಲ್ಲಿ ಎಂಟು ತರಕಾರಿ.
ತಿರುಗುಮುರುಗಾದ ಅಕ್ಷರ ನಾನು ಸರಾಗ ಓದುವುದು ಕಂಡು
ಚೀಲದಿಂದ ತೆಗೆದಳು
ಹೆಬ್ಬೆರಳು ದಪ್ಪದ ಒಂದು ಕಲ್ಲು, ತುದಿಯಲ್ಲಿ ಕೆಂಪು.
ಟೆಂಕೊಕು, ಅಂದಳು.
ತೆಂಗಾ? ಅಂದೆ.
ನಕ್ಕಳು. ತೆಂಗು ಅವಳ ನಲವತ್ತರಲ್ಲಿ ಇತ್ತು.

ಭಾನುವಾರದ ಮಧ್ಯಾಹ್ನಗಳು, ಶಟರು ಅರ್ಧ ಎಳೆದು.
ಅವಳೂರಿನ ಕಲ್ಲು ಮುಗಿದ ಮೇಲೆ
ಹಳೇಬೀಡಿನಲ್ಲಿ ಗೊಂಬೆ ಕೆತ್ತುವವರ ಹಿತ್ತಿಲಿನಿಂದ
ಬಳಪದ ಕಲ್ಲಿನ ಚೂರು ಆಯ್ದು ತಂದೆವು.
ಬಳಪ! ಒಂದನೇ ಕ್ಲಾಸಿನಲ್ಲಿ ಇದರಿಂದ ಬರೆದೆ,
ಕದ್ದು ತಿಂದೆ ಕೂಡ.
ಇದರ ಮೇಲೇ ಬರೆಯಬಹುದೆಂದು ಯಾರೂ ಹೇಳಿರಲಿಲ್ಲ.

ಮೊದಲ ತಿಂಗಳು ಉಳಿ ಮುಟ್ಟಲು ಬಿಡಲಿಲ್ಲ.
ಗಾಜಿನ ಮೇಲೆ ಉಪ್ಪುಕಾಗದ, ಅದರ ಮೇಲೆ ಕಲ್ಲಿನ ಮುಖ, ಉಜ್ಜು.
ಮಟ್ಟವಾಯಿತು ಎಂದು ಕೊಟ್ಟರೆ
ಬೆಳಕಿಗೆ ಹಿಡಿದು ತಲೆಯಾಡಿಸುವಳು: ಇಲ್ಲ.
ಆಮೇಲೆ ಗೆರೆ. ನೆಟ್ಟಗಿನ ಗೆರೆ ಮಾತ್ರ.
ಉಳಿ ಪೆನ್ನಿನ ಹಾಗಲ್ಲ, ಕುಡುಗೋಲಿನ ಹಾಗೆ ಮುಷ್ಟಿಯಲ್ಲಿ.
ಧೂಳು ಊದಬೇಡ, ಬ್ರಶ್ಶಿನಿಂದ ಗುಡಿಸು.
ನಿಧಾನ.
ನಲವತ್ತರಲ್ಲಿ ಎಲ್ಲಕ್ಕಿಂತ ಸವೆದ ಮಾತು ಅದು.
ಒಮ್ಮೆ ಜಾರಿ ಎಡಗೈ ಹೆಬ್ಬೆರಳಿಗೆ ಬಂತು.
ಅವಳು ತನ್ನ ಹೆಬ್ಬೆರಳು ತೋರಿಸಿದಳು:
ಅದೇ ಜಾಗ, ಹಳೆಯ ಗೆರೆ.

ನಮ್ಮ ಅಕ್ಷರಕ್ಕೆ ಮೂಲೆಯಿಲ್ಲ, ಅದಕ್ಕೊಂದು ಜಗಳ.
ಅವಳದು ಮನೆ ಕಟ್ಟಿದ ಹಾಗೆ, ಕಂಬ, ತೊಲೆ, ಬಾಗಿಲು.
ನನ್ನದು ಜಿಲೇಬಿ,
ಚೌಕದೊಳಗೆ ಕೂರು ಅಂದರೆ ಹೊರಳುತ್ತದೆ.
ನಿನ್ನ ಹೆಸರು ಬರೆ, ಅಂದಳು.

ಇಪ್ಪತ್ತಾರು ವರ್ಷ ಊರಿನವರ ಹೆಸರು ಮಾಡಿಕೊಟ್ಟವಳು
ನನ್ನದನ್ನು ಒಮ್ಮೆಯೂ ಹಿಂದುಮುಂದಾಗಿ ನೋಡಿರಲಿಲ್ಲ.
ಸಾಕಮ್ಮ.
ಅರ್ಥ ಕೇಳಿದಳು.
ನಾಲ್ಕನೆಯದೂ ಹೆಣ್ಣಾದಾಗ
ಇನ್ನು ಸಾಕು ಎಂದು ದೇವರಿಗೆ ಕೊಟ್ಟ ಅರ್ಜಿ, ಅಂದೆ.
ಸಾಕು ಅವಳಿಗೆ ಗೊತ್ತಿತ್ತು. ಮೆಸ್ಸಿನಲ್ಲಿ
ಅನ್ನದ ಮೇಲೆ ಅಂಗೈ ಅಡ್ಡ ಹಿಡಿದು ಹೇಳುವ ಮಾತು.
ಹೊಟ್ಟೆ ತುಂಬಿದಾಗಿನದಲ್ಲವೆ, ಎಂಬಂತೆ ನೋಡಿದಳು.
ನಾನು ಉಪ್ಪುಕಾಗದ ಕೊಡವಿದೆ.

ಎರಡು ಬಗೆಯಂತೆ:
ಹೆಸರನ್ನೇ ಕೊರೆದರೆ ಕೆಂಪಿನೊಳಗೆ ಬಿಳಿ ಅಕ್ಷರ,
ಹೆಸರನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೊರೆದರೆ ಅಕ್ಷರ ಕೆಂಪು.
ಕಲಿಯುವವರಿಗೆ ಬಿಳಿ. ನಾನು ಕೆಂಪು ಅಂದೆ.
ಮೂರು ಭಾನುವಾರ ಸುತ್ತಲಿನದನ್ನು ತೆಗೆದೆ.
ನಾಲ್ಕನೆಯದರಲ್ಲಿ ಮಕಾರದ ಒತ್ತು
ಟಿಣ್ಣೆಂದು ಸಿಡಿದು ಮೇಜಿನಡಿ ಎಲ್ಲೋ ಹೋಯಿತು.
ಇಬ್ಬರೂ ಮಂಡಿಯೂರಿ ಟಾರ್ಚು ಹಿಡಿದು ಹುಡುಕಿದೆವು.
ಏನು ಹುಡುಕುವುದು? ಕೇಳಿದಳು.
ಒತ್ತು.

ಉಜ್ಜಿ ಮೊದಲಿನಿಂದ ಶುರುಮಾಡಲು ಕಲ್ಲಿಗೆ ಕೈಚಾಚಿದೆ.
ಕೊಡಲಿಲ್ಲ. ಉಳಿಯ ಹಿಡಿಯಿಂದ
ಅಂಚಿಗೆ ನಾಲ್ಕೇಟು ತಟ್ಟಿ ಬೇಕೆಂದೇ ಮುಕ್ಕು ಮಾಡಿದಳು,
ಹೋದ ಜಾಗ ಒಂಟಿಯಾಗಬಾರದೆಂಬಂತೆ.
ಚೀನಿ ಡಬ್ಬಿಯಲ್ಲಿ ಕೆಂಪು,
ಕುಂಕುಮಕ್ಕೆ ಎಣ್ಣೆ ಕಲಸಿಟ್ಟಂತೆ ಜಿಗುಟು.
ಮಗುವಿನ ಬೆನ್ನು ತಟ್ಟುವ ಹಾಗೆ ಅದರಲ್ಲಿ ತಟ್ಟಿದೆ.
ಈಗೇನು ಮಾಡುವುದೆಂದು ಕೈಯಲ್ಲಿ ಅಭಿನಯಿಸಿದಳು.
ಒತ್ತು, ಅಂದೆ.
ಅದೂ ಒತ್ತೇ? ಬೆರಗಾದಳು.
ನಲವತ್ತೊಂದು, ನಲವತ್ತೆರಡು.

ಸೋಮವಾರ, ಅರಸೀಕೆರೆ ವಕೀಲರ ಗುಮಾಸ್ತ.
ನಿಜ ಪ್ರತಿ ಎರಡು, ಅರ್ಜೆಂಟು.
ರಸೀದಿ ಹರಿದು, ಸಹಿಯ ಜಾಗದಲ್ಲಿ ಕಲ್ಲು ಊರಿದೆ.
ಕನ್ನಡಕ ಸರಿಸಿ ನೋಡಿದ.
ಇದೇನಮ್ಮ, ಮಕ್ಕೆ ಒತ್ತೇ ಇಲ್ಲ?
ಬಿದ್ದುಹೋಗಿದೆ, ಅಂದೆ,
ಇಲ್ಲೇ ಎಲ್ಲೋ ಇರಬೇಕು.